ಸಿ3ಆರ್ ಆದಮೇಲೂ ಕನ್ನಡಕ ಯಾಕೆ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ 17 ವರ್ಷ. ಕೆರಟೋಕೋನಸ್ ಅಂತ ಹೇಳಿ ಮೂರು ತಿಂಗಳ ಹಿಂದೆ ಬಲಗಣ್ಣಿಗೆ ಸಿ3ಆರ್ ಮಾಡಿಸಿದೆವು. ಮೊನ್ನೆ ಚೆಕಪ್‌ಗೆ ಹೋದರೆ ನಂಬರ್ ಹಾಗೇ ಇದೆ, ಕನ್ನಡಕ ಬೇಕೇ ಬೇಕು ಅಂದರು. ಅಷ್ಟು ದುಡ್ಡು ಸುರಿದು ಲೇಸರ್ ಮಾಡಿಸಿದ್ದು ದಂಡವಾಯಿತಾ?

ಉತ್ತರ: ದಂಡವಾಗಿಲ್ಲ ಅಮ್ಮಾ. ಆದರೆ ಮೊದಲು ಆ ‘ಲೇಸರ್’ ಅನ್ನೋ ಮಾತು ಬಿಡಿ. ಅರ್ಧ ಗೋಜಲು ಅಲ್ಲಿಂದಲೇ ಶುರು.

ಈ ಪ್ರಶ್ನೆ ನನಗೆ ವಾರಕ್ಕೆ ಒಂದಾದರೂ ಬರುತ್ತದೆ. ಕೆಲವರು ಕಣ್ಣೀರು ಹಾಕಿಕೊಂಡು ಕೇಳುತ್ತಾರೆ, ಕೆಲವರು ಬಿಲ್ ಹಿಡಿದುಕೊಂಡು ಕೇಳುತ್ತಾರೆ. ನಾನು ಡಾಕ್ಟರಲ್ಲ, ಆಪ್ಟೊಮೆಟ್ರಿಸ್ಟ್. ಇಪ್ಪತ್ತು ವರ್ಷದಿಂದ ಇಂಥ ಕಣ್ಣುಗಳಿಗೆ ಲೆನ್ಸ್ ಕೂರಿಸುವುದೇ ಕೆಲಸ. ಆಪರೇಷನ್ ಮಾಡಿದವರು ಒಳಗಿರುತ್ತಾರೆ, ಬೈಸಿಕೊಳ್ಳುವವಳು ಹೊರಗೆ ಟ್ರಯಲ್ ಫ್ರೇಮ್ ಹಿಡಿದು ಕೂತ ನಾನು. ಇನ್ನು ಕೆರಟೋಕೋನಸ್ ಅಂದರೇನು ಅಂತ ನಿಮಗೆ ಹೇಳುವ ಅಗತ್ಯವಿಲ್ಲ. ಮನೆಯಲ್ಲಿ ಯಾರಿಗೋ ಬಂದಿರುವುದರಿಂದಲೇ ಇದನ್ನು ಓದುತ್ತಿದ್ದೀರಿ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ತೆಳ್ಳಗಾಗಿ ಮುಂದಕ್ಕೆ ಉಬ್ಬುತ್ತದೆ, ಅಷ್ಟು ಸಾಕು.

ಸಿ3ಆರ್ ಅಂದರೆ ಆ ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ. ಅದರಲ್ಲಿ ನಡೆಯುವುದಿಷ್ಟು. ಕಣ್ಣು ಮರಗಟ್ಟುವ ಡ್ರಾಪ್ಸ್ ಹಾಕಿ, ಕಾರ್ನಿಯಾದ ಮೇಲ್ಪದರವನ್ನು ಮೊಂಡು ಬ್ಲೇಡಿನಿಂದ ಹಾಲಿನ ಕೆನೆ ತೆಗೆದಂತೆ ತೆಗೆಯುತ್ತಾರೆ. ಆಮೇಲೆ ಅರ್ಧ ಗಂಟೆ, ಎರಡು ಮೂರು ನಿಮಿಷಕ್ಕೊಮ್ಮೆ, ಹಳದಿ ಹನಿ. ಅದು ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್. ಕಾರ್ನಿಯಾ ಅದನ್ನು ಹೀರಿ ಹೀರಿ ಅರಿಶಿನದ ನೀರಿನ ಬಣ್ಣಕ್ಕೆ ತಿರುಗುತ್ತದೆ. ನಂತರ ಅದರ ಮೇಲೆ ಅಲ್ಟ್ರಾವಯಲೆಟ್ ದೀಪ. ಹಳೆಯ ಕ್ರಮದಲ್ಲಿ ಅದೂ ಅರ್ಧ ಗಂಟೆ. ಕೊನೆಗೊಂದು ಬ್ಯಾಂಡೇಜ್ ಲೆನ್ಸ್ ಹಾಕಿ ಮನೆಗೆ ಕಳಿಸುತ್ತಾರೆ. ಎರಡು ಮೂರು ದಿನ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ, ನೀರು. ಇದರಲ್ಲೆಲ್ಲೂ ಲೇಸರ್ ಇಲ್ಲ. ಕನ್ನಡಕದ ನಂಬರ್ ತೆಗೆಯುವ ಲೇಸಿಕ್ ಆಪರೇಷನ್ನಿನಲ್ಲಿ ಲೇಸರ್ ಕಾರ್ನಿಯಾವನ್ನು ಕೊರೆದು ತೆಳ್ಳಗೆ ಮಾಡುತ್ತದೆ. ಮೊದಲೇ ತೆಳ್ಳಗಿರುವ ಕಣ್ಣಿಗೆ ಅದನ್ನು ಮಾಡಿದರೆ ಗತಿ ಏನು? ಒಳಗೆ ಕೆರಟೋಕೋನಸ್ ಅವಿತಿದ್ದದ್ದು ಗೊತ್ತಾಗದೆ ಲೇಸಿಕ್ ಮಾಡಿಸಿಕೊಂಡು, ಉಬ್ಬು ಕೈಮೀರಿ ಬಂದವರನ್ನು ನಾನೇ ಕಂಡಿದ್ದೇನೆ. ಅಂಥವರಿಗೂ ಕೊನೆಗೆ ಇದೇ ಹಳದಿ ಹನಿ, ಇದೇ ದೀಪ.

ಈಗ ನಂಬರಿನ ವಿಷಯ. ಕುಂಬಾರ ತಿಗುರಿಯ ಮೇಲಿಂದ ಇಳಿಸಿದ ಹಸಿ ಮಡಕೆ ಯಾರದೋ ಕೈತಾಗಿ ಒಂದು ಕಡೆ ಸೊಟ್ಟಗಾಯಿತು ಅಂದುಕೊಳ್ಳಿ. ಅದನ್ನು ಆವಿಗೆಗೆ ಹಾಕಿ ಸುಟ್ಟರೆ ಏನಾಗುತ್ತದೆ? ಗಟ್ಟಿಯಾಗುತ್ತದೆ. ಸೊಟ್ಟಗಿದ್ದದ್ದು ಸೊಟ್ಟಗೇ ಗಟ್ಟಿಯಾಗುತ್ತದೆ. ಇನ್ನಷ್ಟು ಸೊಟ್ಟಗಾಗುವುದಿಲ್ಲ, ಅದೇ ಲಾಭ. ಸಿ3ಆರ್ ಆ ಆವಿಗೆ. ಕಾರ್ನಿಯಾದ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆ ಹಾಕುತ್ತದೆ. ಎಳೆಗಳನ್ನು ಎತ್ತಿ ಬೇರೆ ಕಡೆ ಜೋಡಿಸುವುದಿಲ್ಲ.

ಇದು ನನ್ನ ಸ್ವಂತ ವ್ಯಾಖ್ಯಾನವಲ್ಲ. ಜರ್ಮನಿಯ ಡ್ರೆಸ್ಡನ್‌ನಲ್ಲಿ ಇದನ್ನು ಕಂಡುಹಿಡಿದವರೇ ಮೊದಲ ದಿನದಿಂದ ಹೇಳಿಕೊಂಡು ಬಂದದ್ದು. ಥಿಯೋ ಸೈಲರ್, ಎಬರ್‌ಹಾರ್ಡ್ ಸ್ಪೋರ್ಲ್, ಗ್ರೆಗರ್ ವೊಲೆನ್ಸಾಕ್ ಮೂವರೂ 2003ರಲ್ಲಿ 22 ರೋಗಿಗಳ 23 ಕಣ್ಣುಗಳ ಫಲಿತಾಂಶ ಪ್ರಕಟಿಸಿದರು. ಅವರು ಇಟ್ಟುಕೊಂಡಿದ್ದ ಪ್ರಶ್ನೆ ಒಂದೇ: ಕಾಯಿಲೆ ನಿಲ್ಲುತ್ತದಾ? ನಿಂತಿತು, ಎಲ್ಲಾ ಕಣ್ಣುಗಳಲ್ಲೂ. 16 ಕಣ್ಣುಗಳಲ್ಲಿ ಉಬ್ಬು ಸುಮಾರು 2 ಡಯಾಪ್ಟರಿನಷ್ಟು ತಗ್ಗಿಯೂ ಇತ್ತು (ಡಯಾಪ್ಟರ್ ಅಂದರೆ ಕಾರ್ನಿಯಾದ ಬಾಗನ್ನೂ ಕನ್ನಡಕದ ನಂಬರನ್ನೂ ಅಳೆಯುವ ಮಾನ). ಆ ಕೊಸರು ಫಲವೇ ಬಾಯಿಂದ ಬಾಯಿಗೆ ದಾಟಿ, ನಮ್ಮೂರಿಗೆ ಬರುವಷ್ಟರಲ್ಲಿ ‘ನಂಬರ್ ಇಳಿಯುತ್ತದಂತೆ’ ಆಗಿದೆ.

ಇಲ್ಲೊಬ್ಬ ಬುದ್ಧಿವಂತ ಯಾವಾಗಲೂ ಎದ್ದು ನಿಲ್ಲುತ್ತಾನೆ, ಸಾಮಾನ್ಯವಾಗಿ ಎಂಜಿನಿಯರ್. ‘2 ಡಯಾಪ್ಟರ್ ತಗ್ಗಿತು ಅಂದಮೇಲೆ ಕನ್ನಡಕದ ನಂಬರೂ 2 ಇಳಿಯಲೇಬೇಕಲ್ಲ ಮೇಡಂ?’ ಇಳಿಯಬೇಕಾಗಿಲ್ಲ ಸ್ವಾಮಿ. ಸಂಶೋಧನೆಗಳಲ್ಲಿ ಅಳೆಯುವುದು ಕೆ-ಮ್ಯಾಕ್ಸ್ ಅನ್ನು, ಅಂದರೆ ಇಡೀ ಕಾರ್ನಿಯಾದಲ್ಲಿ ಎಲ್ಲಕ್ಕಿಂತ ಕಡಿದಾಗಿರುವ ಒಂದೇ ಒಂದು ಬಿಂದುವಿನ ಬಾಗು. ಕನ್ನಡಕದ ನಂಬರ್ ಇಡೀ ಪಾಪೆಯ ಮುಂದಿನ ಗಾಜಿನ ಲೆಕ್ಕ. ಘಾಟಿಯ ಅತಿ ಕಡಿದಾದ ತಿರುವನ್ನು ಸ್ವಲ್ಪ ಸವರಿದ ಮಾತ್ರಕ್ಕೆ ಘಾಟಿ ರಸ್ತೆ ನೇರವಾಗುತ್ತದಾ? ನಿಮ್ಮ ಮಗನಿಗೆ ಒಂದು ದೀಪ ಎರಡಾಗಿ, ಅಕ್ಷರಕ್ಕೆ ಬಾಲ ಬಂದ ಹಾಗೆ ಕಾಣುವುದು ಆ ಅಂಕುಡೊಂಕಿನಿಂದ. ಬರೀ ನಂಬರಿನಿಂದಲ್ಲ.

ಅಮೆರಿಕದ ಟ್ರಯಲ್ ನೋಡಿ. 205 ರೋಗಿಗಳು. ಅರ್ಧ ಜನಕ್ಕೆ ಪೂರ್ತಿ ಚಿಕಿತ್ಸೆ, ಉಳಿದವರಿಗೆ ಮೇಲ್ಪದರ ತೆಗೆಯದೆ ಬರೀ ಹಳದಿ ಹನಿ. ಇದನ್ನೂ ಇಂಥದೇ ಇನ್ನೊಂದು ಟ್ರಯಲ್ಲನ್ನೂ ನೋಡಿಯೇ 2016ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು. ಒಂದು ವರ್ಷಕ್ಕೆ ಚಿಕಿತ್ಸೆ ಪಡೆದವರ ಕೆ-ಮ್ಯಾಕ್ಸ್ ಸರಾಸರಿ 1.6 ಡಯಾಪ್ಟರ್ ತಗ್ಗಿತ್ತು, ಇನ್ನೊಂದು ಗುಂಪಿನದು 1 ಡಯಾಪ್ಟರ್ ಏರಿತ್ತು. ದೃಷ್ಟಿ? ಕನ್ನಡಕ ಹಾಕಿ ಓದಿಸಿದಾಗ ಸರಾಸರಿ 5.7 ಅಕ್ಷರ ಹೆಚ್ಚು. ಚಾರ್ಟಿನ ಒಂದು ಸಾಲಿನಲ್ಲಿ ಐದು ಅಕ್ಷರ ಇರುತ್ತವೆ. ಒಂದು ಸಾಲು ಅಮ್ಮಾ! ಅದೂ ಕನ್ನಡಕ ಹಾಕಿಕೊಂಡು! ಇನ್ನೊಂದು ಮಾತು. ಅದೇ ಟ್ರಯಲ್‌ನಲ್ಲಿ ಮೊದಲ ತಿಂಗಳು ಉಬ್ಬು ತುಸು ಹೆಚ್ಚಾಗಿ, ಆಮೇಲೆ ಮೆಲ್ಲಗೆ ತಗ್ಗುತ್ತಾ ಹೋಗಿತ್ತು. ಮೂರು ತಿಂಗಳಿಗೇ ತೀರ್ಪು ಕೊಡಬೇಡಿ. ವರ್ಷ ತುಂಬಲಿ, ಪ್ರತಿ ಸಲವೂ ಅದೇ ಮಿಷನ್ನಿನಲ್ಲಿ ಸ್ಕ್ಯಾನ್ ತೆಗೆಸಿ ಹೋಲಿಸಿ ನೋಡಿ.

ಹಾಗಾದರೆ ಲಾಭ ಕಾಣುವುದೆಲ್ಲಿ? ಮಾಡಿಸದವರ ಕಣ್ಣಲ್ಲಿ. ಮೆಲ್ಬರ್ನ್‌ನಲ್ಲಿ 100 ಕಣ್ಣುಗಳನ್ನು ಆಯ್ದು, ಯಾವುದಕ್ಕೆ ಚಿಕಿತ್ಸೆ ಯಾವುದಕ್ಕಿಲ್ಲ ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. 2014ರಲ್ಲಿ ಮೂರು ವರ್ಷದ ಲೆಕ್ಕ ಬಂತು. ಚಿಕಿತ್ಸೆಯಾದ ಕಣ್ಣುಗಳು 1.03 ಡಯಾಪ್ಟರ್ ತಗ್ಗಿದ್ದವು, ಆಗದವು 1.75 ಏರಿದ್ದವು. ಬ್ರಿಟನ್ನಿನ ಕೆರಾಲಿಂಕ್ ಟ್ರಯಲ್ ನಿಮ್ಮ ಮಗನಿಗೆ ಇನ್ನೂ ಹತ್ತಿರದ್ದು, 10ರಿಂದ 16 ವರ್ಷದ 60 ಮಕ್ಕಳ ಮೇಲೆ ನಡೆದದ್ದು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹದಿನೆಂಟು ತಿಂಗಳಲ್ಲಿ ಬರೀ ಕನ್ನಡಕ, ಲೆನ್ಸ್ ಕೊಟ್ಟು ಕಾದ ಗುಂಪಿನಲ್ಲಿ ನೂರಕ್ಕೆ 43 ಮಕ್ಕಳಿಗೆ ಕಾಯಿಲೆ ಮುಂದುವರಿದಿತ್ತು. ಚಿಕಿತ್ಸೆಯಾದ ಗುಂಪಿನಲ್ಲಿ ನೂರಕ್ಕೆ 7. ನೀವು ಮಗನ ಇವತ್ತಿನ ಕಣ್ಣನ್ನು ಮೂರು ತಿಂಗಳ ಹಿಂದಿನ ಕಣ್ಣಿನ ಜೊತೆ ಇಟ್ಟು ನೋಡುತ್ತಿದ್ದೀರಿ. ಇಟ್ಟು ನೋಡಬೇಕಾದ್ದು ಮಾಡಿಸದೆ ಬಿಟ್ಟಿದ್ದರೆ 20ನೇ ವಯಸ್ಸಿಗೆ ಆಗುತ್ತಿದ್ದ ಕಣ್ಣಿನ ಜೊತೆ. ಆ ಕಣ್ಣು ಯಾವ ತಾಯಿಗೂ ಕಾಣುವುದಿಲ್ಲ. ಅದನ್ನು ಕಾಣಿಸುವುದಕ್ಕೇ ಇಂಥ ಟ್ರಯಲ್‌ಗಳಿರುವುದು. ನನ್ನ ಹತ್ತಿರ ಕಲಿಯಲು ಬರುವ ಹುಡುಗಿಯರಿಗೆ ಇದೊಂದನ್ನು ಹೇಳಿಕೊಟ್ಟುಬಿಟ್ಟರೆ ವರ್ಷದ ಪಾಠ ಮುಗಿದಂತೆ ಅನ್ನಿಸುತ್ತದೆ ನನಗೆ.

ಚಿಕಿತ್ಸೆ ಸೋಲುವುದೇ ಇಲ್ಲ ಅಂತಲ್ಲ. 2009ರಲ್ಲಿ ಪ್ರಕಟವಾದ, 117 ಕಣ್ಣುಗಳ ಒಂದು ಅಧ್ಯಯನದಲ್ಲಿ ನೂರಕ್ಕೆ 7.6ರಷ್ಟು ಕಣ್ಣುಗಳಲ್ಲಿ ಕಾಯಿಲೆ ನಿಲ್ಲಲಿಲ್ಲ. ನೂರಕ್ಕೆ 2.9ರಷ್ಟರಲ್ಲಿ ದೃಷ್ಟಿ ಎರಡು ಸಾಲೋ ಹೆಚ್ಚೋ ಕುಸಿದಿತ್ತು. ಉಬ್ಬು ಮೊದಲೇ 58 ಡಯಾಪ್ಟರ್ ದಾಟಿದವರಲ್ಲಿ ಸೋಲು ಹೆಚ್ಚು. ಮೇಲ್ಪದರ ಕೂಡಿಕೊಳ್ಳುವ ತನಕ ಸೋಂಕಿನ ಭಯವೂ ಇದ್ದೇ ಇದೆ. ಅದಕ್ಕೇ ಆ ವಾರ ತಲೆಗೆ ನೀರು ಹಾಕಬೇಡ ಅನ್ನುವುದು.

ಇನ್ನು ‘ಪಕ್ಕದ ಊರಲ್ಲಿ ಹತ್ತೇ ನಿಮಿಷಕ್ಕೆ ಮುಗಿಸುತ್ತಾರಂತೆ’ ಅನ್ನುವವರಿಗೆ. ಹೌದು, ಮುಗಿಸುತ್ತಾರೆ. ದೀಪದ ಶಕ್ತಿ ಮೂರು ಪಟ್ಟು ಮಾಡಿ ಹೊತ್ತನ್ನು ಮೂರರಲ್ಲಿ ಒಂದಕ್ಕೆ ಇಳಿಸಿದರೆ ಒಟ್ಟು ಬೆಳಕು ಅಷ್ಟೇ. 3 ಮಿಲಿವ್ಯಾಟ್ 30 ನಿಮಿಷ, 9 ಮಿಲಿವ್ಯಾಟ್ 10 ನಿಮಿಷ, ಗುಣಿಸಿ ನೋಡಿ. ಆದರೆ ಹೀಗೇ ಎಳೆಯುತ್ತಾ ಹೋಗಲು ಬರುವುದಿಲ್ಲ. ಬೆಸುಗೆಗೆ ಆಮ್ಲಜನಕ ಬೇಕು. ಬೆಳಕು ತೀರಾ ಜೋರಾದರೆ ಒಳಗಿನ ಆಮ್ಲಜನಕ ಬೇಗ ಖರ್ಚಾಗಿ, ಹೊಸದು ಇಳಿಯುವಷ್ಟರಲ್ಲಿ ದೀಪವೇ ಆರಿರುತ್ತದೆ. ಇದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ನಾರಾಯಣ ನೇತ್ರಾಲಯದ ಡಾ. ರೋಹಿತ್ ಶೆಟ್ಟಿ ಮತ್ತು ಸಂಗಡಿಗರು 2015ರಲ್ಲಿ 138 ಕಣ್ಣುಗಳನ್ನು ನಾಲ್ಕು ಗುಂಪು ಮಾಡಿ 30, 10, 5 ಮತ್ತು 3 ನಿಮಿಷದ ಕ್ರಮಗಳನ್ನು ಹೋಲಿಸಿದರು. ಮೂರೇ ನಿಮಿಷದ್ದು ಹಿಂದೆ ಬಿತ್ತು.

ಬಿ2 ಮಾತ್ರೆ ನುಂಗಿ ಬಿಸಿಲಿಗೆ ಕೂರಬಹುದಾ ಅಂತ ಕೇಳಿದವರಿದ್ದಾರೆ. ಬೇಡ. ಕಣ್ಣಿನ ಮೇಲೇ ಹನಿ ಬಿಟ್ಟರೂ ಮೇಲ್ಪದರ ದಾಟಲು ಒದ್ದಾಡುವ ವಸ್ತು ಅದು. ಹೊಟ್ಟೆಗೆ ಹಾಕಿದರೆ ಮೂತ್ರ ಹಳದಿಯಾಗುತ್ತದೆ ಅಷ್ಟೇ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಸಕ್ಕರೆಯದು, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಕೆರಟೋಕೋನಸ್ ಕಡಿಮೆ ಅಂತ ಇದೇ ಸೈಲರ್ ತಂಡ 2000ದಲ್ಲಿ ತೋರಿಸಿತು. ರಕ್ತದ ಸಕ್ಕರೆ ಕೊಲಾಜೆನ್‌ಗೆ ಅಂಟಿಕೊಂಡು ತಾನೇ ಬೆಸುಗೆ ಹಾಕುತ್ತದೆ. ವಯಸ್ಸೂ ಅದನ್ನೇ ನಿಧಾನವಾಗಿ ಮಾಡುತ್ತದೆ. ನಲವತ್ತರ ಹೊತ್ತಿಗೆ ಈ ಕಾಯಿಲೆ ಬಹುಮಟ್ಟಿಗೆ ತಾನಾಗಿ ನಿಲ್ಲುವುದು ಅದಕ್ಕೇ. ಹಾಗಂತ ಮಗನಿಗೆ ಜಾಮೂನು ತಿನ್ನಿಸಲು ಹೋಗಬೇಡಿ.

ನಿಮ್ಮ ಪತ್ರದಲ್ಲಿ ನಾನು ಹುಡುಕಿದ ಒಂದು ಮಾತು ಸಿಗಲಿಲ್ಲ: ಹುಡುಗ ಕಣ್ಣು ಉಜ್ಜುತ್ತಾನಾ? ತೆಳ್ಳಗಿರುವ ಕಾರ್ನಿಯಾ ಉಜ್ಜಿದಷ್ಟೂ ಉಬ್ಬಬಹುದು. ಕಳೆದ ಬೇಸಿಗೆಯಲ್ಲಿ ಒಬ್ಬ ಬಂದಿದ್ದ, ಹದಿನೈದರವನು. ಸಿ3ಆರ್ ಆಗಿ ಎಂಟು ತಿಂಗಳು. ಮನೆಯಲ್ಲಿ ಅಡಿಕೆ ಸುಲಿತದ ದೂಳು, ಅವನಿಗೆ ಅಲರ್ಜಿ. ಅಪ್ಪ ನನ್ನ ಹತ್ತಿರ ನಂಬರಿನ ವಿಚಾರ ವಾದಿಸುತ್ತಿದ್ದಾಗ ಹುಡುಗ ಪಕ್ಕದಲ್ಲಿ ಕೂತು, ಮುಷ್ಟಿ ಕಟ್ಟಿ, ಬೆರಳ ಗೆಣ್ಣಿನಿಂದ ಬಲಗಣ್ಣನ್ನು ತಿರುವಿ ತಿರುವಿ ಉಜ್ಜುತ್ತಿದ್ದ. ಗೋಡೆ ಗಡಿಯಾರ ನೋಡಿಕೊಂಡೆ, ಹತ್ತಿರ ಹತ್ತಿರ ಒಂದು ನಿಮಿಷ. ‘ಅವನಿಗೆ ಚಿಕ್ಕಂದಿನಿಂದ ಅದೇ ಅಭ್ಯಾಸ’ ಅಂದರು ಅಪ್ಪ, ನಗುತ್ತಾ. ಅಲರ್ಜಿಗೆ ಡ್ರಾಪ್ಸ್ ಬರೆದುಕೊಟ್ಟಿದ್ದ ಚೀಟಿ ಫೈಲಿನಲ್ಲಿ ಮಡಿಸಿದ ಹಾಗೇ ಇತ್ತು. ನಾಗಪುರದ ಬಳಿಯ ಹಳ್ಳಿಗಳಲ್ಲಿ 30 ದಾಟಿದವರನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ನೂರಕ್ಕೆ 2.3 ಜನರಲ್ಲಿ ಕೆರಟೋಕೋನಸ್ ಕಂಡಿತ್ತು. ಅದನ್ನು ಅಪರೂಪದ ಕಾಯಿಲೆ ಅನ್ನುವ ಪಠ್ಯಪುಸ್ತಕ ಬರೆದವರು ನಮ್ಮ ದೂಳು ಕಂಡವರಲ್ಲ.

ಕನ್ನಡಕದಲ್ಲಿ ಸಾಲದಿದ್ದರೆ ಲೆನ್ಸ್ ಇದೆ. ಸೆಮಿ-ಸಾಫ್ಟ್, ಅದೂ ಕೂರದಿದ್ದರೆ ಸ್ಕ್ಲೀರಲ್, ಅಂದರೆ ಕಣ್ಣಿನ ಬಿಳಿಭಾಗದ ಮೇಲೆ ಕೂರುವ ದೊಡ್ಡ ಲೆನ್ಸ್. ಸೊಟ್ಟ ಕಾರ್ನಿಯಾದ ಮುಂದೆ ನುಣುಪಾದ ಹೊಸ ಮೇಲ್ಮೈಯನ್ನು ಲೆನ್ಸ್ ಕೊಡುತ್ತದೆ, ನಡುವಿನ ಸಂದನ್ನು ಕಣ್ಣೀರೋ ಸಲೈನೋ ತುಂಬುತ್ತದೆ. ಅದೇ ಹುಡುಗನಿಗೆ ಸ್ಕ್ಲೀರಲ್ ಹಾಕಿ ಕಿಟಕಿಯ ಹತ್ತಿರ ನಿಲ್ಲಿಸಿದೆ. ಎದುರಿನ ಮೆಡಿಕಲ್ ಸ್ಟೋರಿನ ಬೋರ್ಡಿನ ಕೆಳಗಿನ ಸಾಲು ಓದಿದ: ‘ಮಾರಿದ ಔಷಧಿ ವಾಪಸ್ ತೆಗೆದುಕೊಳ್ಳುವುದಿಲ್ಲ.’ ಇಪ್ಪತ್ತು ವರ್ಷದಲ್ಲಿ ನಾನು ಆ ಸಾಲನ್ನು ಗಮನಿಸಿಯೇ ಇರಲಿಲ್ಲ.

ಲೆನ್ಸೂ ಕೂರದ ಹಂತ ತಲುಪಿದರೆ ಕಣ್ಣು ಕಸಿ. ಅದನ್ನು ತಪ್ಪಿಸುವುದೇ ಸಿ3ಆರ್‌ನ ನಿಜವಾದ ಗುರಿ. ನಾರ್ವೆಯ ಓಸ್ಲೋದಲ್ಲಿ ಲೆಕ್ಕ ಹಾಕಿದ್ದಾರೆ. ಕೆರಟೋಕೋನಸ್‌ಗಾಗಿ ಮಾಡಿದ ಕಸಿಗಳು 2005 ಮತ್ತು 2006ರಲ್ಲಿ ಒಟ್ಟು 55 ಇದ್ದದ್ದು, 2013 ಮತ್ತು 2014ರ ಹೊತ್ತಿಗೆ 26ಕ್ಕೆ ಇಳಿದಿತ್ತು.

ಕಸಿ ಅಂದೊಡನೆ ಎಲ್ಲರೂ ಇಡೀ ಕಣ್ಣುಗುಡ್ಡೆ ಬದಲಿಸುತ್ತಾರೆ ಅಂದುಕೊಳ್ಳುತ್ತಾರೆ. ಬದಲಿಸುವುದು ಕಾರ್ನಿಯಾವನ್ನು ಮಾತ್ರ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣು ನಾಲ್ಕು ಜನಕ್ಕೆ ಬೆಳಕಾಯಿತು ಅಂತ ಓದಿದ್ದೀರಲ್ಲ, ಎರಡು ನಾಲ್ಕಾದದ್ದು ಹೇಗೆ ಅಂತ ಯೋಚಿಸಿದಿರಾ? ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದನ್ನೇ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ಬೇರೆ ಬೇರೆಯವರಿಗೆ ಹಾಕಬಹುದು. ಕೆರಟೋಕೋನಸ್ ಇರುವವರ ಹಿಂದಿನ ಪದರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಅವರದನ್ನು ಉಳಿಸಿಕೊಂಡು ಮುಂದಿನದನ್ನು ಮಾತ್ರ ಬದಲಿಸುತ್ತಾರೆ. ಕೂದಲಿಗಿಂತ ಸಣ್ಣ ನೈಲಾನ್ ದಾರದಲ್ಲಿ ಸುತ್ತಲೂ ಹದಿನಾರರಷ್ಟು ಹೊಲಿಗೆ ಬೀಳುತ್ತದೆ. ಎಲ್ಲ ಬಿಚ್ಚುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಬಿಚ್ಚಿದ ಮೇಲೆ ಅವರೂ ನನ್ನ ಹತ್ತಿರವೇ ಬರುತ್ತಾರೆ, ಕನ್ನಡಕಕ್ಕೋ ಲೆನ್ಸಿಗೋ.