ಸತ್ತವರ ಮುಂದೆ ಕೂತವರು: ಪೋಲಿಷ್ ಪ್ರಯೋಗಶೀಲ ರಂಗಭೂಮಿ ಕುರಿತ ಅಧ್ಯಯನ ಟಿಪ್ಪಣಿ

ಪೋಲೆಂಡಿನ ರಂಗಭೂಮಿ ಎಂದೊಡನೆ ನಮ್ಮ ಪಠ್ಯಗಳು ನಿರ್ದೇಶಕ ಗ್ರೊಟೊವ್‌ಸ್ಕಿಯ ‘ಬಡ ರಂಗಭೂಮಿ’ಗೆ (ಸಜ್ಜಿಕೆಯ ಆಡಂಬರ ಬಿಟ್ಟು ನಟನನ್ನೇ ನೆಚ್ಚುವ ರಂಗಭೂಮಿ) ಹೋಗಿ, ನಟನ ದೇಹಸಾಧನೆಯ ಬಗ್ಗೆ ನಾಲ್ಕು ಮಾತು ಹೇಳಿ ಮುಗಿಸುತ್ತವೆ. ಆ ದೇಹ ಯಾವ ನೆಲದ ಮೇಲೆ ನಿಂತಿತ್ತು ಎಂಬುದನ್ನು ಕೇಳುವುದೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡ್ 50 ಲಕ್ಷಕ್ಕೂ ಹೆಚ್ಚು ಪ್ರಜೆಗಳನ್ನು ಕಳೆದುಕೊಂಡಿತು. ಅವರಲ್ಲಿ ಸುಮಾರು 30 ಲಕ್ಷ ಮಂದಿ ಯಹೂದಿಗಳು. ನಾಜಿಗಳು ಆಶ್ವಿಟ್ಜ್, ಟ್ರೆಬ್ಲಿಂಕಾ ಸಾವಿನ ಶಿಬಿರಗಳನ್ನು ಕಟ್ಟಿದ್ದು ಆ ನೆಲದಲ್ಲೇ. ‘ಸಾಮೂಹಿಕ ನೆನಪು’ ಎಂದು ಬರೆಯುವ ಮುನ್ನ ಆ ಸಮೂಹದಲ್ಲಿ ಯಾರಿದ್ದಾರೆ, ಯಾರನ್ನು ಹೊರಗಿಟ್ಟಿದ್ದಾರೆ ಎಂದು ಕೇಳಿಕೊಳ್ಳಬೇಕು. ಒಂದೊಂದು ಪ್ರಯೋಗವೂ ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತದೆ.

ಮೊದಲು ಒಂದು ಹಳೆಯ ಕೃತಿ. ಪೋಲೆಂಡ್ ಮೂರು ಸಾಮ್ರಾಜ್ಯಗಳ ನಡುವೆ ಹಂಚಿಹೋಗಿ ಭೂಪಟದಲ್ಲೇ ಇಲ್ಲದಿದ್ದ ಕಾಲದಲ್ಲಿ ಕವಿ ಆದಂ ಮಿತ್ಸ್‌ಕೇವಿಚ್ ‘ಜ್ಯಾದಿ’ ನಾಟಕ ಬರೆದ. ಸತ್ತ ಹಿರಿಯರನ್ನು ಕರೆದು ಉಣಿಸುವ ಜಾನಪದ ಆಚರಣೆಯೇ ಅದರ ಮೂಲ. ನಮ್ಮ ಪಿತೃಪಕ್ಷದ ಎಡೆಯನ್ನು ನೆನೆದರೆ ಸಾಕು. ಆದರೆ ಅಲ್ಲಿ ಬರುವ ಆತ್ಮಗಳಲ್ಲಿ ಒಬ್ಬ ಕ್ರೂರ ಜಮೀನ್ದಾರನಿದ್ದಾನೆ. ಅವನು ಹಸಿವಿನಿಂದ ಸಾಯಿಸಿದ ಜೀತದಾಳುಗಳು ಕಾಗೆ, ಗೂಬೆಗಳಾಗಿ ಬಂದು ಅವನ ಬಾಯಿಗೆ ಒಂದು ತುತ್ತೂ ಬೀಳದಂತೆ ಕಿತ್ತುಕೊಳ್ಳುತ್ತವೆ. ಅಂದರೆ ಸ್ಮರಣೆಯ ಜೊತೆಗೇ ಲೆಕ್ಕ ಕೇಳುವುದೂ ನಡೆಯುತ್ತದೆ. 1968ರ ಜನವರಿಯಲ್ಲಿ ವಾರ್ಸಾದ ರಾಷ್ಟ್ರೀಯ ರಂಗಮಂದಿರದಲ್ಲಿ ಕಾಜಿಮೇಷ್ ದೇಯ್ಮೆಕ್ ನಿರ್ದೇಶಿಸಿದ್ದ ಈ ನಾಟಕವನ್ನು ಸರ್ಕಾರ ನಿಲ್ಲಿಸಿದಾಗ ವಿದ್ಯಾರ್ಥಿಗಳು ಬೀದಿಗಿಳಿದರು. ಆ ವರ್ಷದ ಮಾರ್ಚ್ ಚಳವಳಿಗೆ ಕಿಡಿ ಹೊತ್ತಿದ್ದು ಹೀಗೆ.

ಈಗ ಚಿತ್ರಕಾರ, ನಿರ್ದೇಶಕ ತಾದೇವುಷ್ ಕಾಂತೊರ್. 1944, ನಾಜಿಗಳ ಹಿಡಿತದಲ್ಲಿದ್ದ ಕ್ರಾಕೊವ್. ಯುದ್ಧದಲ್ಲಿ ಹಾಳಾದ ಒಂದು ಕೋಣೆಯಲ್ಲಿ, ಗುಟ್ಟಾಗಿ, ಅವನ ನಿರ್ದೇಶನದಲ್ಲಿ ಪೋಲಿಷ್ ನಾಟಕಕಾರ ವಿಸ್ಪ್ಯಾನ್‌ಸ್ಕಿಯ ‘ಒಡಿಸ್ಯೂಸನ ಮರಳುವಿಕೆ’ ನಡೆಯಿತು. ರಂಗಸಜ್ಜಿಕೆ ಎಂದರೆ ಕೆಸರು ಮೆತ್ತಿದ ಗಾಡಿಚಕ್ರ, ಕೊಳೆತ ಹಲಗೆ, ತುಪಾಕಿಯ ನಳಿಗೆ. ಟ್ರಾಯ್‌ನಿಂದ ಮರಳುವ ವೀರ ಇಲ್ಲಿ ಸೋತ ಜರ್ಮನ್ ಸೈನಿಕನ ಸಮವಸ್ತ್ರದಲ್ಲಿ ಬರುತ್ತಾನೆ. ಸಿಕ್ಕಿಬಿದ್ದರೆ ಪ್ರಾಣ ಹೋಗಬಹುದಾದ ಹೊತ್ತಿನಲ್ಲಿ ಶತ್ರುವನ್ನೇ ಮಹಾಕಾವ್ಯದ ನಾಯಕನ ಜಾಗದಲ್ಲಿ ನಿಲ್ಲಿಸಿದ ಧೈರ್ಯವನ್ನು ಗಮನಿಸಿ. ಕಾಂತೊರ್ ಮುಂದೆ ‘ಬಡ ವಸ್ತು’ (ಬಿಸಾಡಿದ, ಬೆಲೆಯಿಲ್ಲದ ವಸ್ತುವನ್ನೇ ರಂಗಕ್ಕೆ ತರುವುದು) ಎಂದು ಕರೆದ ಕಲ್ಪನೆಯ ಬೇರು ಆ ಕೋಣೆಯಲ್ಲಿದೆ.

ಯೆರ್ಜಿ ಗ್ರೊಟೊವ್‌ಸ್ಕಿಯ ‘ಅಕ್ರೊಪೊಲಿಸ್’ 1962ರಲ್ಲಿ ಒಪೊಲೆ ಎಂಬ ಸಣ್ಣ ಊರಿನಲ್ಲಿ ತೆರೆಕಂಡಿತು. ಅದೇ ವಿಸ್ಪ್ಯಾನ್‌ಸ್ಕಿ 1904ರಲ್ಲಿ ಬರೆದ ಮೂಲ ನಾಟಕದಲ್ಲಿ ಈಸ್ಟರ್ ಹಿಂದಿನ ರಾತ್ರಿ ಕ್ರಾಕೊವ್ ನಗರದ ಅರಮನೆ, ಕೆಥೆಡ್ರಲ್ ಇರುವ ವಾವೆಲ್ ಬೆಟ್ಟದ ಶಿಲ್ಪಗಳೂ ಚಿತ್ರಪಟಗಳೂ ಜೀವತಳೆದು ಬೈಬಲ್ ಮತ್ತು ಟ್ರಾಯ್‌ನ ಕಥೆಗಳನ್ನು ಆಡುತ್ತವೆ. ಗ್ರೊಟೊವ್‌ಸ್ಕಿ ಆ ಕಥೆಗಳನ್ನು ಆಶ್ವಿಟ್ಜ್‌ನ ಕೈದಿಗಳ ಬಾಯಿಗೆ ಇಟ್ಟ. ಸಹಕರಿಸಿದ ಯೂಜೆಫ್ ಷಾಯ್ನಾ ಸ್ವತಃ ಆಶ್ವಿಟ್ಜ್ ಮತ್ತು ಬುಖೆನ್‌ವಾಲ್ಡ್‌ನಲ್ಲಿ ಕೈದಿಯಾಗಿದ್ದು ಬದುಕಿ ಬಂದ ಕಲಾವಿದ. ನಟರಿಗೆ ತೂತು ಬಿದ್ದ ಗೋಣಿಚೀಲದಂಥ ಉಡುಪು, ಮರದ ಪಾದರಕ್ಷೆ. ಮುಖದ ಸ್ನಾಯುಗಳನ್ನೇ ಬಿಗಿಹಿಡಿದು ಮಾಡಿಕೊಂಡ ಮುಖವಾಡ. ಬೈಬಲ್ ಕಥೆಯ ಯಾಕೋಬನ ಮದುವೆಯಲ್ಲಿ ವಧು ಒಂದು ಒಲೆಯ ಕೊಳವೆ! ಅದೇ ಕೊಳವೆಗಳಿಂದ ಕೈದಿಗಳು ಪ್ರೇಕ್ಷಕರ ನಡುವೆಯೇ ತಮ್ಮ ದಹನಕುಲುಮೆಯನ್ನು ಕಟ್ಟುತ್ತಾ ಹೋಗುತ್ತಾರೆ. ಕೊನೆಗೆ ತಲೆಯಿಲ್ಲದ ಬೊಂಬೆಯೊಂದನ್ನು ರಕ್ಷಕನೆಂದು ಎತ್ತಿಹಿಡಿದು, ಹಾಡುತ್ತಾ, ಪೆಟ್ಟಿಗೆಯೊಳಗೆ ಇಳಿದು ಮರೆಯಾಗುತ್ತಾರೆ. ಇಷ್ಟೆಲ್ಲ ನಡೆಯುವಾಗ ನಟರು ಪ್ರೇಕ್ಷಕರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಕೈಗೆಟಕುವಷ್ಟು ಹತ್ತಿರವಿದ್ದರೂ ಅವರು ಸತ್ತವರು, ನೋಡುವವರು ಬದುಕಿರುವವರು.

ಇದನ್ನು ಎಷ್ಟು ಮೆಚ್ಚಿದರೂ ನನ್ನದೊಂದು ತಕರಾರಿದೆ. ಇಲ್ಲಿಯ ಕೈದಿ ‘ಮನುಷ್ಯ’ನಾಗಿಬಿಡುತ್ತಾನೆ, ಆಶ್ವಿಟ್ಜ್‌ನಲ್ಲಿ ಸತ್ತವರಲ್ಲಿ ಬಹುಪಾಲು ಯಹೂದಿಗಳು ಎಂಬ ಸಂಗತಿ ನಾಗರಿಕತೆಯ ಸೋಲು ಎಂಬ ದೊಡ್ಡ ಮಾತಿನೊಳಗೆ ಕರಗುತ್ತದೆ. ಪರೀಕ್ಷೆಯಲ್ಲಿ ಈ ಅಂಶ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

1975ರ ‘ಸತ್ತ ತರಗತಿ’ಯ ದಾರಿಯೇ ಬೇರೆ. ಕ್ರಾಕೊವ್‌ನ ಒಂದು ನೆಲಮಾಳಿಗೆ ಗ್ಯಾಲರಿಯಲ್ಲಿ, ಕಾಂತೊರನ ಕ್ರಿಕೋ 2 ತಂಡದ ಪ್ರಯೋಗ. ಕಪ್ಪುಬಟ್ಟೆಯ ಮುದುಕರು ಶಾಲೆಯ ಹಳೆಯ ಬೆಂಚುಗಳಲ್ಲಿ ಕುಳಿತು ಬೆರಳೆತ್ತುತ್ತಾರೆ. ಎದ್ದು ಹೋಗುತ್ತಾರೆ, ಮತ್ತೆ ಬರುವಾಗ ಬೆನ್ನ ಮೇಲೆ ತಮ್ಮದೇ ಬಾಲ್ಯದ ಬೊಂಬೆಗಳು. ಶಾಲೆಯ ಜವಾನ 1914ರ ಪತ್ರಿಕೆ ಹಿಡಿದು ಮೊದಲ ಮಹಾಯುದ್ಧಕ್ಕೆ ಕಿಡಿಯಾದ ಸರಾಯೆವೊದ ಹತ್ಯೆಯ ಸುದ್ದಿ ಓದುತ್ತಾನೆ, ಇಲ್ಲವಾಗಲಿರುವ ಆಸ್ಟ್ರಿಯಾ ಸಾಮ್ರಾಜ್ಯದ ಗೀತೆಗೆ ದನಿ ಕೊಡುತ್ತಾನೆ. ಕಾಂತೊರ್ ಸ್ವತಃ ರಂಗದ ಮೇಲೇ ನಿಂತು ವಾದ್ಯಮೇಳ ನಡೆಸುವವನ ಹಾಗೆ ಕೈಯಾಡಿಸುತ್ತಿರುತ್ತಾನೆ. ಕಥೆ ಎಂಬುದಿಲ್ಲ. ಪಾಠ ಆರಂಭವಾಗುತ್ತದೆ, ಮುರಿಯುತ್ತದೆ, ವಾಲ್ಟ್ಜ್ ರಾಗ ಉಕ್ಕುತ್ತದೆ, ಮತ್ತೆ ಮೊದಲಿನಿಂದ. ನೆನಪಿಗೂ ಆಘಾತಕ್ಕೂ ಇರುವ ಸಂಬಂಧವನ್ನು ಅವನು ಸಂಭಾಷಣೆಗೆ ಬಿಡದೆ ಈ ಮರುಕಳಿಕೆಯಲ್ಲೇ ಕಟ್ಟಿದ್ದಾನೆ. ಬೆಂಚುಗಳಿಗೂ ಪ್ರೇಕ್ಷಕರಿಗೂ ನಡುವೆ ಒಂದು ಹಗ್ಗ: ಆ ತರಗತಿಗೆ ನಮಗೆ ಪ್ರವೇಶವಿಲ್ಲ. ಚಲನಚಿತ್ರ ನಿರ್ದೇಶಕ ಆಂದ್ಜೇಯ್ ವಾಯ್ದಾ ಇದನ್ನು ಚಿತ್ರೀಕರಿಸಿದ್ದಾನೆ, ಸಿಕ್ಕರೆ ನೋಡಿ. ಕೆಲವು ದೃಶ್ಯಗಳನ್ನು ಅವನು ಬಯಲಿಗೆ ಒಯ್ದಿದ್ದರಿಂದ ನೆಲಮಾಳಿಗೆಯ ಇಕ್ಕಟ್ಟು ಅಲ್ಲೆಲ್ಲ ಸಡಿಲವಾಗುತ್ತದೆ.

1980ರ ‘ವ್ಯೆಲೊಪೊಲೆ, ವ್ಯೆಲೊಪೊಲೆ’ಯಲ್ಲಿ ಕಾಂತೊರ್ ತನ್ನ ಹುಟ್ಟೂರಿನ ಮನೆಗೇ ಹೋಗುತ್ತಾನೆ. ಅಲ್ಲಿ ಒಂದು ವಸ್ತುವನ್ನು ಮಾತ್ರ ನೆನಪಿಟ್ಟುಕೊಳ್ಳಿ: ಸೈನಿಕರ ಫೋಟೊ ತೆಗೆಯುವ ಕ್ಯಾಮೆರಾ ಮಷಿನ್‌ಗನ್ ಆಗಿ ಮಾರ್ಪಡುತ್ತದೆ.

2000ದ ನಂತರ ಚರ್ಚೆಯ ದಿಕ್ಕೇ ಬದಲಾಯಿತು. 1941ರ ಜುಲೈ 10ರಂದು ಯೆದ್ವಾಬ್ನೆ ಊರಿನಲ್ಲಿ ಯಹೂದಿಗಳನ್ನು ಕಣಜದೊಳಗೆ ಕೂಡಿ ಸುಟ್ಟದ್ದರಲ್ಲಿ ಅವರ ಪೋಲಿಷ್ ನೆರೆಹೊರೆಯವರ ಕೈಯಿತ್ತು ಎಂಬುದು ದೇಶದ ಮುಂದೆ ಬಂತು. ‘ನಾವು ಬಲಿಪಶುಗಳು’ ಎಂಬ ನಂಬಿಕೆ ಬಿರುಕುಬಿಟ್ಟಿತು. ಈ ಹಿನ್ನೆಲೆಯಲ್ಲೇ ಕ್ಷಿಶ್ತೊಫ್ ವರ್ಲಿಕೊವ್‌ಸ್ಕಿ 2009ರಲ್ಲಿ ‘(ಅ)ಪೊಲೋನಿಯಾ’ ಮಾಡಿದ. ಅದರ ಆರಂಭದಲ್ಲಿ ಮಕ್ಕಳ ಬೊಂಬೆಗಳು ರವೀಂದ್ರನಾಥ ಟ್ಯಾಗೋರರ ‘ಡಾಕ್‌ಘರ್’ ಆಡುತ್ತವೆ. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಲ್ಲಿ ಯಾನುಷ್ ಕೊರ್ಚಾಕ್ ನಡೆಸುತ್ತಿದ್ದ ಅನಾಥಾಲಯದ ಮಕ್ಕಳು 1942ರ ಜುಲೈನಲ್ಲಿ ಆಡಿದ ನಾಟಕವದು. ಮುಂದಿನ ತಿಂಗಳು ಆ ಮಕ್ಕಳನ್ನೂ ಕೊರ್ಚಾಕನನ್ನೂ ಟ್ರೆಬ್ಲಿಂಕಾಗೆ ಸಾಗಿಸಲಾಯಿತು. ಬೊಂಬೆಗಳು ಕಾಂತೊರನನ್ನು ನೆನಪಿಸುತ್ತವೆ, ಆದರೆ ಇಲ್ಲಿ ಬಾಲ್ಯ ಮುದುಕರ ಬೆನ್ನೇರುವ ಮಾತೇ ಇಲ್ಲ, ಏಕೆಂದರೆ ಈ ಮಕ್ಕಳು ಮುದುಕರಾಗಲೇ ಇಲ್ಲ.

ನಾಟಕದ ನಡುವೆ ಇರುವುದು ಯಹೂದಿಗಳನ್ನು ಅಡಗಿಸಿಟ್ಟು ಕೊಲೆಯಾದ ಅಪೊಲೋನಿಯಾಳ ಕಥೆ. ಅದನ್ನು ಗ್ರೀಕ್ ದುರಂತದ ಇಫಿಜೀನಿಯ (ತಂದೆಯೇ ಬಲಿಗೊಪ್ಪಿಸಿದ ಮಗಳು), ಅಲ್ಸೆಸ್ಟಿಸರ (ಗಂಡನ ಬದಲು ಸಾಯಲು ಒಪ್ಪಿದ ಹೆಂಡತಿ) ಪಕ್ಕದಲ್ಲಿಟ್ಟು ನಿರ್ದೇಶಕ ಬಲಿದಾನವನ್ನೇ ವಿಚಾರಣೆಗೆ ಒಡ್ಡುತ್ತಾನೆ. ಪರರನ್ನು ಉಳಿಸಲು ಹೋದ ತಾಯಿಯ ಸ್ವಂತ ಮಕ್ಕಳು ತಬ್ಬಲಿಗಳಾದರು. ಆಕೆಗೆ ಸಲ್ಲುವ ಗೌರವವನ್ನು ಈಗ ಸ್ವೀಕರಿಸಬೇಕಾದವರೂ ಅವರೇ.