ಖಾಲಿ ಬರೋದಕ್ಕಿಂತ ಡೀಸೆಲ್ ದುಡ್ಡಾದ್ರೂ ಬರಲಿ ಅಂತೀರಾ?

ಪ್ರಶ್ನೆ: "ಅಣ್ಣಾ, ಒಂದು ಕಾರ್ ಹೊರೋ ಫ್ಲ್ಯಾಟ್‌ಬೆಡ್ ತಗೊಂಡಿದೀನಿ. ಸ್ವಂತ ಗಾಡಿ, ಯಾವ ಕಂಪನಿಗೂ ಅಟ್ಯಾಚ್ ಇಲ್ಲ. ಬೆಂಗಳೂರಿಂದ ಹೋಗೋಕೆ ಲೋಡ್ ಸಿಗುತ್ತೆ, ವಾಪಸ್ ಬರೋಕೆ ಸಿಗಲ್ಲ. ಲಾಭದ ಲೋಡ್ ಎಲ್ಲಿ ಹುಡುಕಲಿ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಲ್ಲ. ನೆಲಮಂಗಲದ ಟೀ ಅಂಗಡಿಯಲ್ಲಿ ಹೇಳಿದ್ದೇನೆ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ಸಾಲಿನಲ್ಲಿ ನಿಂತು ಹೇಳಿದ್ದೇನೆ. ಭಾಮೈದನ ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವನಿಗೂ ಹೇಳಿದ್ದೇನೆ, ಹೋಳಿಗೆ ಆರಿಹೋಯಿತು. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸಿಬಿಡುತ್ತೇನೆ.

ಮೊದಲು ಯಾವುದು ನಿಮ್ಮ ಲೋಡ್ ಅಲ್ಲ ಅಂತ ಹೇಳಿಬಿಡುತ್ತೇನೆ. ಬಿಡದಿಯ ಕಾರ್ ಫ್ಯಾಕ್ಟರಿಯಿಂದ ಹೊರಡುವ ಹೊಸ ಕಾರುಗಳು ನಿಮ್ಮವಲ್ಲ. ಅವು ಉದ್ದನೆಯ ಟ್ರೇಲರ್‌ಗಳಲ್ಲಿ, ವರ್ಷದ ಕಾಂಟ್ರಾಕ್ಟ್ ಮೇಲೆ ಹೋಗುತ್ತವೆ. ಡೆಲ್ಲಿಯೂ ನಿಮ್ಮದಲ್ಲ. ಇಲ್ಲಿಂದ ಅಲ್ಲಿಗೆ 2,100 ಕಿಲೋಮೀಟರ್ ಮೇಲಿದೆ. ಏಳೆಂಟು ಕಾರ್ ಒಟ್ಟಿಗೆ ಹೊರುವವನು ಆ ಖರ್ಚನ್ನು ಏಳೆಂಟು ಜನರ ಮೇಲೆ ಹಂಚುತ್ತಾನೆ. ಒಂದೇ ಕಾರ್ ಹೊತ್ತ ನೀವು ಅವನ ರೇಟಿಗೆ ಹೋದರೆ ತುಮಕೂರು ದಾಟುವಷ್ಟರಲ್ಲೇ ಸೋತಿರುತ್ತೀರಿ. ಅವನಲ್ಲಿ ಇಲ್ಲದ್ದು ನಿಮ್ಮಲ್ಲಿ ಒಂದಿದೆ. "ಗುರುವಾರ ಬೆಳಿಗ್ಗೆ ನಿಮ್ಮ ಮನೆ ಬಾಗಿಲಿಗೆ ಬರ್ತೀನಿ" ಅಂತ ಹೇಳಿ ಬರಬಲ್ಲಿರಿ. ಅವನಿಗೆ ಗಾಡಿ ತುಂಬುವವರೆಗೂ ಹೊರಡೋಕಾಗಲ್ಲ.

ಈಗ ವಾಪಸ್ ಲೋಡ್ ವಿಷಯ. ನಿಮ್ಮ ಪ್ರಶ್ನೆಯ ಒಳಗೇ ಒಂದು ನಂಬಿಕೆ ಕೂತಿದೆ. ನೀವು ಬರೆದಿಲ್ಲ, ಆದರೆ ನನಗೆ ಕೇಳಿಸುತ್ತೆ: "ಖಾಲಿ ಬರೋದಕ್ಕಿಂತ ಡೀಸೆಲ್ ದುಡ್ಡು ಹುಟ್ಟಿದರೆ ಸಾಕು." ಈ ಮಾತು ನಮ್ಮ ಲೈನಿನಲ್ಲಿ ಗಾದೆಯಾಗಿಬಿಟ್ಟಿದೆ. ಅಪ್ಪ ಮಗನಿಗೆ, ಡ್ರೈವರ್ ಕ್ಲೀನರಿಗೆ ಹೇಳಿಕೊಡುತ್ತಾನೆ. ಲೋಡ್ ಕೊಡಿಸುವ ಬ್ರೋಕರ್ ಅಂತೂ ಜಪ ಮಾಡುತ್ತಾನೆ. ಯಾಕಂದರೆ ಅವನ ಕಮಿಷನ್‌ಗೆ ನಿಮ್ಮ ದಿನದ ಖರ್ಚು ಅಂಟಿಕೊಂಡಿಲ್ಲ.

ಲೆಕ್ಕ ಹಾಕೋಣ. ಇದು ನನ್ನ ಗಾಡಿಯ ಲೆಕ್ಕ, ನಿಮ್ಮ ಅಂಕಿ ಹಾಕಿಕೊಳ್ಳಿ.

ಸಾಲದ ಕಂತು ತಿಂಗಳಿಗೆ 27,000. ಇನ್ಶೂರೆನ್ಸ್, ಟ್ಯಾಕ್ಸು, ಪರ್ಮಿಟ್, ಎಫ್‌ಸಿ ಎಲ್ಲ ಸೇರಿ ತಿಂಗಳಿಗೆ ಬೀಳೋದು 9,000. ಡ್ರೈವರ್ ಸಂಬಳ 24,000. ಒಟ್ಟು 60,000. ತಿಂಗಳಿಗೆ 25 ದಿನ ದುಡಿಮೆ ಅಂದುಕೊಂಡರೆ ದಿನಕ್ಕೆ 2,400 ರೂಪಾಯಿ. ಗಾಡಿ ಓಡಿದರೂ ಅಷ್ಟೇ, ಹುಣಸೆಮರದ ಕೆಳಗೆ ನಿಂತಿದ್ದರೂ ಅಷ್ಟೇ.

(ಈಗ ಒಬ್ಬ ಕೇಳೇ ಕೇಳುತ್ತಾನೆ: "ನಾನೇ ಓಡಿಸ್ತೀನಲ್ಲಣ್ಣಾ, ಡ್ರೈವರ್ ಸಂಬಳ ಯಾಕೆ?" ಯಾಕಂದರೆ ನೀವು ಪುಕ್ಕಟೆ ಅಲ್ಲ ಮಾರಾಯ. ಬೇರೆಯವರ ಗಾಡಿ ಓಡಿಸಿದ್ದರೆ ಆ ದುಡ್ಡು ಮನೆಗೆ ಬರುತ್ತಿತ್ತು.)

ಇನ್ನು ಓಡುವ ಖರ್ಚು. ಡೀಸೆಲ್ ಲೀಟರಿಗೆ 90 ರೂಪಾಯಿ, ಲೀಟರಿಗೆ 8 ಕಿಲೋಮೀಟರ್ ಹಿಡಿದರೆ ಕಿಲೋಮೀಟರಿಗೆ 11 ಚಿಲ್ಲರೆ. ಟೈರು, ಆಯಿಲ್, ಟೋಲ್ ಸೇರಿಸಿ 17 ಅನ್ನೋಣ.

ಚೆನ್ನೈಗೆ ಒಂದು ಕಾರ್ ಬಿಟ್ಟಿರಿ. 350 ಕಿಲೋಮೀಟರ್. ವಾಪಸ್ ಲೋಡ್ ಇಲ್ಲ. ಬ್ರೋಕರ್ ಹೇಳುತ್ತಾನೆ: "ಎರಡು ದಿನ ಇರಿ ಸಾರ್, ಏಳು ಸಾವಿರದ್ದು ಒಂದು ಕಾರ್ ಇದೆ." ಖಾಲಿ ಬಂದರೂ ಡೀಸೆಲ್ ಸುಡಲೇಬೇಕು. ಆದ್ದರಿಂದ ಆ ಏಳು ಸಾವಿರದಿಂದ ವಾಪಸ್ ಡೀಸೆಲ್ ಕಳೆಯುವುದೇ ಬೇಡ. ನೋಡಿ, ನಿಮ್ಮ ನಂಬಿಕೆಗೆ ಇದಕ್ಕಿಂತ ಜಾಸ್ತಿ ಮರ್ಯಾದೆ ಕೊಡೋಕೆ ನನ್ನಿಂದ ಆಗಲ್ಲ. ಕಮಿಷನ್ 700. ಕಾರ್ ಇರೋ ಏರಿಯಾಗೆ ಸುತ್ತಿಕೊಂಡು ಹೋಗೋದು 40 ಕಿಲೋಮೀಟರ್, ಅಂದರೆ 680. ಎರಡು ದಿನದ ಡ್ರೈವರ್ ಬಾಟಾ (ಸಂಬಳದ ಮೇಲೆ ಕೊಡುವ ದಿನಭತ್ಯೆ) 1,000. ಕೈಯಲ್ಲಿ ಉಳಿಯೋದು 4,620. ದಿನಕ್ಕೆ 2,310.

ನಿಂತ ಗಾಡಿಯ ಖರ್ಚೇ ದಿನಕ್ಕೆ 2,400 ಅಂತ ಈಗಷ್ಟೇ ನೋಡಿದೆವಲ್ವಾ?

"ಆದರೂ ಏನೋ ಬಂತಲ್ಲ, ಖಾಲಿ ಬಂದಿದ್ದರೆ ಅದೂ ಇರಲಿಲ್ಲ" ಅಂತ ವಾದ ಮಾಡುವವರಿದ್ದಾರೆ. ಒಳ್ಳೆಯ ವಾದವೇ. ಹತ್ತು ವರ್ಷ ನಾನೂ ಇದನ್ನೇ ಮಾಡಿದೆ. ಆದರೆ ಆ ಎರಡು ದಿನ ಬೆಂಗಳೂರಿನಲ್ಲಿ ಇದ್ದಿದ್ದರೆ ಎಷ್ಟು ಉಳಿಯುತ್ತಿತ್ತು? ಅದಕ್ಕೆ ಹೋಲಿಸಬೇಕು. ಊರೊಳಗೆ 2,500 ರೂಪಾಯಿಯ ಒಂದು ಕೆಲಸ. ಹೋಗಿ ಬಂದು 60 ಕಿಲೋಮೀಟರ್, ಖರ್ಚು 1,020. ಉಳಿಯೋದು 1,480. ದಿನಕ್ಕೆ ಇಂಥವು ಎರಡು ಮಾಡಿದರೆ 2,960. ರಾತ್ರಿ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು. ಚೆನ್ನೈನಲ್ಲಿ ಗಾಡಿ ಕೆಳಗೆ ಚಾಪೆ, ಸೊಳ್ಳೆ.

ಇನ್ನೊಂದು ಪೆಟ್ಟು ಇದೆ, ಅದು ಲೆಕ್ಕದಲ್ಲಿ ಕಾಣಲ್ಲ. ಒಂದು ಸಲ ಏಳು ಸಾವಿರಕ್ಕೆ ಬಂದಿರಿ ಅಂದರೆ ಆ ಬ್ರೋಕರ್ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಏಳು ಸಾವಿರ ಅಂತ ಬಿದ್ದುಹೋಯಿತು. ಮುಂದಿನ ಸಲ ಹತ್ತು ಕೇಳಿದರೆ ನಗುತ್ತಾನೆ.

ಅಂದಮಾತ್ರಕ್ಕೆ ವಾಪಸ್ ಲೋಡ್ ಬೇಡ ಅಂತ ಅಲ್ಲ. ಅದೇ ಸಂಜೆ ತಯಾರಿದ್ದರೆ ಏಳು ಸಾವಿರಕ್ಕೂ ಹಾಕಿಕೊಂಡು ಬನ್ನಿ, ಹತ್ತಿರ ಹತ್ತಿರ ಐದೂವರೆ ಸಾವಿರ ಉಳಿಯುತ್ತೆ, ದಿನವೂ ಹಾಳಾಗಲ್ಲ. ನನ್ನ ಪದ್ಧತಿ ಇಷ್ಟು. ಮಾರನೇ ದಿನ ಮಧ್ಯಾಹ್ನ 12ರವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಕಾರಿನ ಫೋಟೊ, ಆರ್‌ಸಿ ಪ್ರತಿ, ಅರ್ಧ ಅಡ್ವಾನ್ಸ್ ಮೂರೂ ಬಂದಿರಬೇಕು. "ಇನ್ನೇನು ಬರ್ತಾ ಇದೆ ಸಾರ್" ಅನ್ನೋದನ್ನು ನಾನು ಲೋಡ್ ಅಂತ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಖಾಲಿ ಹೊರಡುವಾಗ ವೆಲ್ಲೂರು, ಕೃಷ್ಣಗಿರಿಯ ಗ್ಯಾರೇಜಿನವರಿಗೆ ಒಂದು ಫೋನ್ ಹಾಕುತ್ತೇನೆ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಬೆಂಗಳೂರು ಕಾರು ಅಲ್ಲಿ ಆಗಾಗ ಇರುತ್ತೆ. ಆ ಕಾರಿನವರಿಗೆ ಮನೆ ಸೇರುವ ಅವಸರ. ರೇಟ್ ಜಗ್ಗಾಟ ಕಡಿಮೆ.

"ಊರಲ್ಲಿ ದಿನಾ ಎರಡು ಕೆಲಸ ಸಿಗಬೇಕಲ್ಲ?" ಇದು ಸರಿಯಾದ ಪ್ರಶ್ನೆ. ನೀವು ಮೊದಲು ಕೇಳಬೇಕಿದ್ದದ್ದೂ ಇದೇ. ಚೆನ್ನೈನಲ್ಲಿ ಬೇಡ ಅನ್ನುವ ಧೈರ್ಯ ಬರೋದು ಬೆಂಗಳೂರಿನಿಂದ ಫೋನ್ ಬರುತ್ತಾ ಇದ್ದರೆ ಮಾತ್ರ. ಗಾಡಿ ತಗೊಂಡ ಮೊದಲ ಆರು ತಿಂಗಳು ದೂರದ ಲೋಡ್ ಹಿಂದೆ ಬೀಳಬೇಡಿ. ಗ್ಯಾರೇಜ್ ಸುತ್ತಿ. ಆಕ್ಸಿಡೆಂಟ್ ಆದ ಕಾರನ್ನು ಬಾಡಿ ಶಾಪ್‌ಗೆ ತರಬೇಕು. ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳು ಒಂದು ಯಾರ್ಡಿನಿಂದ ಇನ್ನೊಂದಕ್ಕೆ ಸಾಗಿಸುತ್ತಾರೆ. ಪ್ಯಾಕರ್ಸ್ ಅಂಡ್ ಮೂವರ್ಸ್ ಎಷ್ಟೋ ಜನರ ಹತ್ತಿರ ಕಾರ್ ಹೊರುವ ಗಾಡಿಯೇ ಇಲ್ಲ. ಪರೀಕ್ಷೆ ಮುಗಿದು ಏಪ್ರಿಲ್‌ನಿಂದ ಜೂನ್‌ವರೆಗೆ ಊರು ಬದಲಿಸುವ ಮನೆಗಳ ಕಾರೆಲ್ಲ ಅವರ ಮೂಲಕವೇ ಬರುತ್ತೆ. ಚಾರ್ಜ್ ಮುಗಿದ ಎಲೆಕ್ಟ್ರಿಕ್ ಕಾರನ್ನು ಹಗ್ಗ ಕಟ್ಟಿ ಎಳೆಯುವಂತಿಲ್ಲ, ಮೇಲೆ ಹತ್ತಿಸಲೇಬೇಕು. ಮಳೆಗಾಲ ಅಂತೂ ಕೇಳಲೇಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ನೀರು ತುಂಬಿದಾಗ ನಾನು ಮೂರು ದಿನ ಗಾಡಿಯಲ್ಲೇ ಮಲಗಿದ್ದೆ. ನೀರು ಹೊಕ್ಕ ಕಾರನ್ನು ಸ್ಟಾರ್ಟ್ ಮಾಡಿದರೆ ಇಂಜಿನ್ ಹೋಗುತ್ತೆ, ಹಾಗಾಗಿ ಎಲ್ಲರಿಗೂ ಫ್ಲ್ಯಾಟ್‌ಬೆಡ್ಡೇ ಬೇಕಿತ್ತು.

ಎರಡೂ ಕಡೆ ಬಾಡಿಗೆ ಸಿಗುವ ಲೋಡ್ ಬೇಕಾ? ರೇಸ್ ತಂಡಗಳನ್ನು ಹಿಡಿಯಿರಿ. ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟೆ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಶುಕ್ರವಾರ ಹೋದ ಕಾರು ಭಾನುವಾರ ರಾತ್ರಿ ನಿಮ್ಮ ಮೇಲೆಯೇ ವಾಪಸ್ ಬರುತ್ತೆ. ಅಲ್ಲಿ ಕಾಯುವ ದಿನಗಳಿಗೆ ಹಾಲ್ಟಿಂಗ್ ದುಡ್ಡು ಮೊದಲೇ ಮಾತಾಡಿಕೊಳ್ಳಿ. ಇದನ್ನು ಹೇಳಿದ್ದಕ್ಕೆ ನಮ್ಮ ಗೆಳೆಯರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ, ಇರಲಿ.

ಕಂಪನಿಗಳ ಕೆಲಸ ಮಾಡುವಾಗ ಬಿಲ್ಲಿನಲ್ಲಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತಾರೆ ಅಂತ ಕೊರಗುವವರು ಬಹಳ. ನಿಮ್ಮ ಹತ್ತಿರ ಇರೋದು 10 ಅಥವಾ ಅದಕ್ಕಿಂತ ಕಡಿಮೆ ಸರಕು ಗಾಡಿ ಅಂತ ಪ್ಯಾನ್ ಸಮೇತ ಬರೆದುಕೊಟ್ಟರೆ ಹಿಡಿಯುವಂತಿಲ್ಲ. ವ್ಯಾಪಾರಿಯ ಕಾರಾದರೆ ಇ-ವೇ ಬಿಲ್ (ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಪತ್ರ) ಇಲ್ಲದೆ ಹತ್ತಿಸಬೇಡಿ. 50,000 ರೂಪಾಯಿ ಮೇಲಿನ ಮಾಲಿಗೆ ಅದು ಬೇಕು, 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ. ಸಿಕ್ಕಿಬಿದ್ದರೆ ಹಿಡಿದಿಡೋದು ಕಾರನ್ನು ಮಾತ್ರ ಅಲ್ಲ, ನಿಮ್ಮ ಗಾಡಿಯನ್ನೂ.

ಗೀರು ಬಿದ್ದರೆ ಯಾರ ತಲೆಗೆ ಅಂತ ನೀವು ಕೇಳಲಿಲ್ಲ. ಆದರೆ ಕೇಳದೇ ಇದ್ದವರೇ ಆಮೇಲೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡೋದು, ಅದಕ್ಕೆ ಈಗಲೇ ಹೇಳುತ್ತೇನೆ. ನಿಮ್ಮ ಗಾಡಿಯ ಇನ್ಶೂರೆನ್ಸ್ ಮೇಲಿರುವ ಕಾರಿಗೆ ಬರಲ್ಲ. ಅದಕ್ಕೆ ಬೇರೆ ಪಾಲಿಸಿ ಬೇಕು. 2007ರ ರಸ್ತೆ ಸಾಗಣೆ ಕಾಯ್ದೆ, ಆಮೇಲೆ ಬಂದ ಅದರ ನಿಯಮ ಎರಡೂ ಸೇರಿ, ಮಾಲಿಗೆ ಹಾನಿಯಾದರೆ ಸಾಗಿಸುವವನ ಹೊಣೆ ಬಾಡಿಗೆಯ 10 ಪಟ್ಟಿನವರೆಗೆ ಅನ್ನುತ್ತವೆ. ಗಿರಾಕಿ ಮೊದಲೇ ಜಾಸ್ತಿ ರಿಸ್ಕಿನ ರೇಟ್ ಕೊಡೋಕೆ ಒಪ್ಪಿ ಬರೆಸಿದ್ದರೆ ಆ ಮಿತಿ ಇಲ್ಲ. ಅಂದರೆ 18,000 ಬಾಡಿಗೆಗೆ 1,80,000ದವರೆಗೆ ನೀವು ಸಿಕ್ಕಿಕೊಳ್ಳಬಹುದು. ಬೆಲ್ಟ್ ಬಿಗಿಯುವ ಮೊದಲು ಕಾರಿನ ಸುತ್ತ ಒಂದೇ ಓಟದ ವಿಡಿಯೊ ಮಾಡಿ. ಓಡೋಮೀಟರ್, ಚಕ್ರದ ರಿಮ್, ಬಂಪರ್ ಕೆಳಗೆ. ಮಾಲೀಕ ಪಕ್ಕದಲ್ಲಿ ನಿಂತಿರಲಿ, ಅವನ ಧ್ವನಿಯೂ ಅದರಲ್ಲಿ ಬರಲಿ.

ಡಿಕ್ಕಿಯನ್ನೂ ತೆಗೆಸಿ ನೋಡಿ. ಮನೆ ಖಾಲಿ ಮಾಡುವವರು ಲಾರಿಗೆ ಹಿಡಿಸದ್ದನ್ನೆಲ್ಲ ಕಾರಿಗೆ ತುರುಕುತ್ತಾರೆ: ದೋಸೆ ಕಲ್ಲು, ರಾಗಿ ಮೂಟೆ, ಗ್ಯಾಸ್ ಸಿಲಿಂಡರ್. ಸಿಲಿಂಡರ್ ಕಂಡರೆ ನಾನು ಕಾರನ್ನು ಮೇಲಕ್ಕೆ ಎಳೆಯುವ ವಿಂಚ್ ಹಗ್ಗವನ್ನೇ ಬಿಚ್ಚಲ್ಲ. ಒಮ್ಮೆ ಹೈದರಾಬಾದಿಗೆ ಹೋಗುವ ಕಾರಿನ ಹಿಂದಿನ ಸೀಟಿನಲ್ಲಿ ಒಂದು ತುಳಸಿ ಕುಂಡ ಇತ್ತು, ಸೀಟ್ ಬೆಲ್ಟ್ ಹಾಕಿ ಕೂರಿಸಿದ್ದರು. ಇಳಿಸಿ ಅಂದೆ. ಆ ಮನೆಯ ಅಜ್ಜಿ ಒಪ್ಪಲಿಲ್ಲ. ಕೊನೆಗೆ ಕುಂಡವನ್ನು ನನ್ನ ಕ್ಯಾಬಿನ್ನಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು ಹೋದೆ, 570 ಕಿಲೋಮೀಟರ್. ಅದಕ್ಕೆ ಬಾಡಿಗೆ ಕೇಳೋದು ಮರೆತೆ.