ಕೆನಡಾ ಅಮೆರಿಕದ ಮ್ಯಾಗಜಿನ್‌ಗಳನ್ನು ನಿಷೇಧಿಸಿತ್ತೇ?

ಪ್ರಶ್ನೆ: ಸಂಸ್ಕೃತಿ ಉಳಿಸಲೆಂದು ಕೆನಡಾ ಅಮೆರಿಕದ ಮ್ಯಾಗಜಿನ್‌ಗಳನ್ನು ನಿಷೇಧಿಸಿತ್ತಂತೆ, ವಿಶ್ವ ವ್ಯಾಪಾರ ಸಂಸ್ಥೆ ಅದು ತಪ್ಪೆಂದಿತಂತೆ. ಹಾಗಾದರೆ ಇಂಥ ರಕ್ಷಣೆಗೆ ದಾರಿಯೇ ಇಲ್ಲವೇ?

ಉತ್ತರ: ದಾರಿ ಇದೆ, ಆಮೇಲೆ ಹೇಳುತ್ತೇನೆ. ಮೊದಲು ಈ ‘ನಿಷೇಧ’ದ ಕಥೆ. ಎಷ್ಟು ಸಲ ಅಲ್ಲಗಳೆದರೂ ಮತ್ತೆ ಎದ್ದು ಕೂರುತ್ತದೆ. ಆ ಕಾಲದಲ್ಲೂ ಕೆನಡಾದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಇಂಗ್ಲಿಷ್ ಮ್ಯಾಗಜಿನ್‌ಗಳಲ್ಲಿ ಬಹುಪಾಲು ಹೊರಗಿನವೇ. ಯಾವ ಲೇಖನವನ್ನೂ ಯಾರೂ ತಡೆದಿರಲಿಲ್ಲ. ಸರ್ಕಾರದ ಕಣ್ಣಿದ್ದದ್ದು ಜಾಹೀರಾತಿನ ಹಣದ ಮೇಲೆ.

ಲೆಕ್ಕ ಸರಳ. ಅಮೆರಿಕದ ಪ್ರಕಾಶಕರಿಗೆ ಲೇಖನ, ಚಿತ್ರ, ಸಂಪಾದನೆಯ ಖರ್ಚು ತಮ್ಮ ದೇಶದಲ್ಲೇ ಹುಟ್ಟಿಬಿಡುತ್ತದೆ. ಅದೇ ಪುಟಗಳನ್ನು ಇಟ್ಟುಕೊಂಡು, ಜಾಹೀರಾತು ಮಾತ್ರ ಕೆನಡಾದ್ದು ಹಾಕಿದರೆ ‘ಸ್ಪ್ಲಿಟ್-ರನ್’ ಆವೃತ್ತಿ ಸಿದ್ಧ. ಖರ್ಚು ಆಗಲೇ ವಸೂಲಾಗಿರುವುದರಿಂದ ಜಾಹೀರಾತು ದರವನ್ನು ಎಷ್ಟು ಬೇಕಾದರೂ ಇಳಿಸಬಹುದು. ಪ್ರತಿ ಲೇಖನಕ್ಕೂ ಕೈಯಿಂದ ಹಣ ಕೊಡುವ ಸ್ಥಳೀಯ ಸಂಪಾದಕ ಆ ದರಕ್ಕೆ ಇಳಿದರೆ ಬಾಗಿಲು ಹಾಕಬೇಕಾಗುತ್ತದೆ.

ಹಾಗಾಗಿ 1965ರ ಸುಂಕ ನಿಯಮ ತಡೆದದ್ದು ಎರಡನ್ನೇ: ಇಂಥ ಆವೃತ್ತಿಗಳನ್ನು, ಮತ್ತು ಜಾಹೀರಾತು ಜಾಗದ ಶೇ. 5ಕ್ಕಿಂತ ಹೆಚ್ಚನ್ನು ಕೆನಡಾದ ಗ್ರಾಹಕರಿಗೆಂದೇ ಬಳಸಿದ ಸಂಚಿಕೆಗಳನ್ನು. ಇದನ್ನು ‘ಅಮೆರಿಕದ ಮ್ಯಾಗಜಿನ್ ನಿಷೇಧ’ ಎನ್ನುವವರು ದಯವಿಟ್ಟು ನಿಯಮವನ್ನು ಒಮ್ಮೆ ಓದಿ. 1993ರಲ್ಲಿ ಅಮೆರಿಕದ ಕ್ರೀಡಾ ಮ್ಯಾಗಜಿನ್ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ತನ್ನ ಪುಟಗಳನ್ನು ವಿದ್ಯುನ್ಮಾನದ ಮೂಲಕ ಕಳಿಸಿ ಕೆನಡಾದಲ್ಲೇ ಅಚ್ಚು ಹಾಕಿಸಿತು. ಗಡಿಯಲ್ಲಿ ತಡೆಯಲು ಕಾಗದವೇ ಇಲ್ಲ! 1995ರಲ್ಲಿ ಸರ್ಕಾರ ಇಂಥ ಆವೃತ್ತಿಗಳ ಜಾಹೀರಾತು ಮೌಲ್ಯದ ಮೇಲೆ ಶೇ. 80 ತೆರಿಗೆ ಹೇರಿತು.

1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪಿನಲ್ಲಿ ಎರಡೂ ಬಿದ್ದವು. ಸರಕು ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಗ್ಯಾಟ್‌ನಲ್ಲಿ, ಆಮದನ್ನು ನಿಷೇಧಿಸಬಾರದೆನ್ನುವ 11ನೇ ವಿಧಿಗೆ ಆಮದು ತಡೆ ವಿರುದ್ಧ; ಹೊರಗಿನ ಸರಕಿಗೆ ದೇಶೀಯ ಸರಕಿಗಿಂತ ಹೆಚ್ಚು ತೆರಿಗೆ ಹಾಕಬಾರದೆನ್ನುವ 3ನೇ ವಿಧಿಗೆ ತೆರಿಗೆ ವಿರುದ್ಧ. ಅಮೆರಿಕದ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಸಂಸ್ಕೃತಿಗೆ ವಿನಾಯಿತಿ ಇತ್ತಲ್ಲ ಎಂದು ಕೇಳುತ್ತೀರಿ. ಇತ್ತು, ಅದಕ್ಕೇ ಅಮೆರಿಕ ಅಲ್ಲಿಗೆ ಹೋಗದೆ ವಿಶ್ವ ವ್ಯಾಪಾರ ಸಂಸ್ಥೆಯ ಬಾಗಿಲು ತಟ್ಟಿತು.

ಈಗ ದಾರಿಯ ಮಾತು. ಸ್ಥಳೀಯ ಪತ್ರಿಕೆಗಳಿಗೆ ಅಂಚೆ ದರ ಇಳಿಸಿ ಸಹಾಯ ಮಾಡಿದ್ದೂ ಅದೇ ತೀರ್ಪಿನಲ್ಲಿ ತಪ್ಪೆನಿಸಿತು. ಆದರೆ 3ನೇ ವಿಧಿಯ 8(ಬಿ) ದೇಶೀಯ ಉತ್ಪಾದಕರಿಗೇ ನೇರವಾಗಿ ಕೊಡುವ ಅನುದಾನವನ್ನು ಒಪ್ಪುತ್ತದೆ. ಹಣ ಅದೇ, ಕೊಡುವ ಬಗೆ ಬೇರೆ. ಜಾಹೀರಾತಿನ ವಿಷಯ 1999ರಲ್ಲಿ ರಾಜಿಯಾಯಿತು: ವಿದೇಶಿ ಪ್ರಕಾಶಕರು ತಮ್ಮ ಜಾಹೀರಾತಿನ ಶೇ. 12, ಆಮೇಲೆ 15, ಕೊನೆಗೆ 18ರವರೆಗೆ ಕೆನಡಾದವರಿಗೆ ಮಾರಬಹುದು.

ಯಾರೂ ಕೇಳದಿದ್ದರೂ ಇದನ್ನು ಹೇಳಲೇಬೇಕು. ಸಿನಿಮಾಕ್ಕೆ ಗ್ಯಾಟ್‌ನಲ್ಲೇ ಪ್ರತ್ಯೇಕ ವಿಧಿ ಇದೆ, 4ನೆಯದು. ಚಿತ್ರಮಂದಿರದ ಪ್ರದರ್ಶನ ಸಮಯದಲ್ಲಿ ಇಂತಿಷ್ಟು ಪಾಲು ದೇಶೀಯ ಚಿತ್ರಗಳಿಗೆ ಎಂದು ಕಾಯ್ದಿಡಲು ಅದು 1947ರಿಂದಲೂ ಒಪ್ಪುತ್ತದೆ. ಮ್ಯಾಗಜಿನ್‌ಗೆ ಅಂಥ ವಿಧಿಯನ್ನು ಯಾರೂ ಬರೆದಿಡಲಿಲ್ಲ.